ಶೋಕಶಮನ ಮತ್ತು ಕಲಾರೂಪ: ಟೆರೆಜೀನಿನ ಮಕ್ಕಳ ಚಿತ್ರಗಳ ವಿಮರ್ಶೆ

೧

ಕಲೆಯು ದುಃಖವನ್ನು ಶಮನಗೊಳಿಸುತ್ತದೆಯೆಂಬ ಮಾತು ಹೊಸದಲ್ಲ. ಭರತಮುನಿಯು ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿಯೇ ನಾಟ್ಯದ ಪ್ರಯೋಜನಗಳನ್ನು ಎಣಿಸುತ್ತ, ದುಃಖಿಗಳಿಗೂ ಬಳಲಿದವರಿಗೂ ಶೋಕಪೀಡಿತರಿಗೂ ಅದರಿಂದ ವಿಶ್ರಾಂತಿ ದೊರೆಯುವುದೆಂಬುದನ್ನು ಅವುಗಳಲ್ಲಿ ಸೇರಿಸಿದ್ದಾನೆ. ಗ್ರೀಸ್ ದೇಶದ ಅರಿಸ್ಟಾಟಲನು ದುರಂತನಾಟಕದ ಲಕ್ಷಣವನ್ನು ನಿರೂಪಿಸುವಾಗ, ಅದು ಕರುಣೆ ಭಯಗಳನ್ನು ಹುಟ್ಟಿಸಿ ಆ ಭಾವಗಳ ಶೋಧನೆಯನ್ನು ಸಾಧಿಸುವುದೆಂದು ಹೇಳಿರುವುದು ಸಾಹಿತ್ಯಾಭ್ಯಾಸಿಗಳೆಲ್ಲರಿಗೂ ವಿದಿತವಾದ ವಿಷಯ. ಆದರೆ ಹಿಂದೆ ಕಾವ್ಯಮೀಮಾಂಸೆಯ ಒಂದು ಪ್ರಮೇಯವಾಗಿದ್ದ ಈ ಮಾತು ಇಪ್ಪತ್ತನೆಯ ಶತಮಾನದ ನಡುಭಾಗದಿಂದೀಚೆಗೆ ಒಂದು ವೃತ್ತಿಗೆ ಆಧಾರಸೂತ್ರವಾಗಿ ಪರಿಣಮಿಸಿದೆ. ಆಂಗ್ಲ ಚಿತ್ರಕಾರ ಏಡ್ರಿಯನ್ ಹಿಲ್ ಅವರು ೧೯೩೮ರಲ್ಲಿ ಕ್ಷಯರೋಗದಿಂದ ಇಂಗ್ಲೆಂಡಿನ ಮಿಡ್‌ಹರ್ಸ್ಟ್ ಎಂಬಲ್ಲಿನ ಆರೋಗ್ಯಧಾಮವನ್ನು ಸೇರಿ, ಅಲ್ಲಿ ಚಿತ್ರ ಬರೆಯುತ್ತ ತಮ್ಮ ಬೇಸರವನ್ನು ಕಳೆದುಕೊಂಡು, ಕ್ರಮೇಣ ಇತರ ರೋಗಿಗಳಿಗೂ ಅದನ್ನು ಕಲಿಸತೊಡಗಿದರು. ‘ಕಲಾಚಿಕಿತ್ಸೆ’ ಎಂಬ ಅರ್ಥದ ಆಂಗ್ಲ ಪದವನ್ನು ೧೯೪೨ರಲ್ಲಿ ಬಳಕೆಗೆ ತಂದವರು ಅವರೇ. ೧೯೬೪ರಲ್ಲಿ ಬ್ರಿಟನ್ನಿನಲ್ಲಿಯೂ ೧೯೬೯ರಲ್ಲಿ ಅಮೆರಿಕದಲ್ಲಿಯೂ ಈ ವೃತ್ತಿಯವರ ಸಂಘಗಳು ಸ್ಥಾಪಿತವಾದುವು.

ಈ ವೃತ್ತಿಯು ಬೆಳೆದಂತೆಲ್ಲ ವಿಮರ್ಶಕನ ಮುಂದೆ ಒಂದು ಪ್ರಶ್ನೆ ಬಂದು ನಿಂತಿದೆ. ಕಲೆಯಿಂದ ಮನಸ್ಸಿಗೆ ಗುಣವಾಗುವುದಾದರೆ ಅದು ಕಲೆಯ ಯಾವ ಅಂಶದಿಂದ? ಒಳಗೆ ಕಟ್ಟಿಕೊಂಡಿದ್ದ ಭಾವವು ಹೊರಕ್ಕೆ ಹರಿದುಹೋಗುವುದರಿಂದಲೆ? ಆ ಭಾವಕ್ಕೆ ಒಂದು ರೂಪವು ದೊರೆಯುವುದರಿಂದಲೆ? ಮೊದಲನೆಯದೇ ನಿಜವಾದರೆ ಚಿತ್ರವೂ ಪದ್ಯವೂ ಕೇವಲ ಕಾಲುವೆಗಳಾಗುತ್ತವೆ. ನೀರು ಹರಿದುಹೋದ ಮೇಲೆ ಕಾಲುವೆಯ ಗುಣದೋಷಗಳನ್ನು ವಿಚಾರಿಸುವುದು ವ್ಯರ್ಥ. ಎರಡನೆಯದು ನಿಜವಾದರೆ, ವಿಮರ್ಶೆಯು ಯಾವುದಕ್ಕೆ ಬೆಲೆ ಕಟ್ಟುತ್ತದೆಯೊ ಅದೇ ನೊಂದವನಿಗೆ ಆಧಾರವೂ ಆಗುತ್ತದೆ. ಸಾಹಿತ್ಯವನ್ನು ಪಾಠ ಹೇಳುವವರಿಗೆ ಇದು ದೂರದ ಪ್ರಶ್ನೆಯಲ್ಲ. ಹೆತ್ತವರನ್ನು ಕಳೆದುಕೊಂಡ ವಿದ್ಯಾರ್ಥಿಯೊಬ್ಬನು ಬರೆದು ತಂದ ಪದ್ಯವನ್ನು ಅಧ್ಯಾಪಕನು ಹೇಗೆ ಓದಬೇಕು? ಅದನ್ನು ತಿದ್ದಬಹುದೆ? ಸುಮ್ಮನೆ ಹೊಗಳಿ ಕಳುಹಿಸುವುದೇ ದಯೆಯೆ? ಈ ಸಂದಿಗ್ಧಗಳಿಗೆ ಸಮಾಧಾನವು ಮೇಲಿನ ಎರಡು ಪಕ್ಷಗಳ ನಿರ್ಣಯವನ್ನು ಅವಲಂಬಿಸಿದೆ.

ಈ ನಿರ್ಣಯಕ್ಕೆ ಒರೆಗಲ್ಲಾಗಬಲ್ಲ ಚಿತ್ರರಾಶಿಯೊಂದುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಇಂದಿನ ಚೆಕ್ ದೇಶದ ಟೆರೆಜೀನ್ ಎಂಬ ಊರಿನಲ್ಲಿ ನಾಜಿಗಳ ಸೆರೆಯಲ್ಲಿದ್ದ ಯೆಹೂದ್ಯ ಮಕ್ಕಳು ಬರೆದ ಸುಮಾರು ೪,೫೦೦ ಚಿತ್ರಗಳು ಪ್ರಾಗ್ ನಗರದ ಯೆಹೂದ್ಯ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ರಕ್ಷಿತವಾಗಿವೆ. ಆ ಮಕ್ಕಳಿಗೆ ಗುರುವಾಗಿದ್ದವರು ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಚಿತ್ರಕಾರ್ತಿ. ಅವರ ಶಿಷ್ಯೆಯೊಬ್ಬರು ಮುಂದೆ ಅಮೆರಿಕದಲ್ಲಿ ಕಲಾಚಿಕಿತ್ಸೆಯ ಒಂದು ಮುಖ್ಯ ಪ್ರಸ್ಥಾನವನ್ನೇ ಸ್ಥಾಪಿಸಿದುದರಿಂದ, ಈ ಶಾಸ್ತ್ರದ ಮೂಲಗಳಲ್ಲಿ ಒಂದು ಆ ಸೆರೆಮನೆಯ ತರಗತಿಯೊಡನೆ ಸಂಬಂಧವುಳ್ಳದ್ದಾಗಿದೆ. ಕಲೆಯು ಗುಣಪಡಿಸುತ್ತದೆಯೆಂಬ ಮಾತಿಗೆ ಇದಕ್ಕಿಂತ ಕಠಿನವಾದ ಪರೀಕ್ಷೆಯೂ ಇರಲಾರದು. ಏಕೆಂದರೆ ಚಿತ್ರ ಬರೆದ ಮಕ್ಕಳಲ್ಲಿ ಬಹುಪಾಲು ಜನ ಬದುಕಿ ಉಳಿಯಲಿಲ್ಲ.

೨

ಚಿತ್ರಗಳ ವಿಚಾರಕ್ಕೆ ಮುನ್ನ ಎರಡು ಪಕ್ಷಗಳನ್ನೂ ಸ್ಪಷ್ಟಪಡಿಸಿಕೊಳ್ಳುವುದು ಯುಕ್ತ. ಮೊದಲನೆಯದನ್ನು ನಿರ್ಗಮಪಕ್ಷವೆಂದೂ ಎರಡನೆಯದನ್ನು ರೂಪಪಕ್ಷವೆಂದೂ ವ್ಯವಹಾರಸೌಕರ್ಯಕ್ಕಾಗಿ ಕರೆಯಬಹುದು.

ನಿರ್ಗಮಪಕ್ಷಕ್ಕೆ ಸಂಸ್ಕೃತಸಾಹಿತ್ಯದಲ್ಲಿ ಪ್ರಸಿದ್ಧವಾದ ಸಮರ್ಥನೆ ಭವಭೂತಿಯ ಉತ್ತರರಾಮಚರಿತದ ಮೂರನೆಯ ಅಂಕದಲ್ಲಿದೆ. ಕೆರೆ ಮತ್ತು ಅದರ ಕೋಡಿಯ ದೃಷ್ಟಾಂತವನ್ನು ಕೊಟ್ಟು, ಶೋಕಾರ್ತನಿಗೆ ಅಳುವುದಕ್ಕೆ ಅವಕಾಶವಿರಬೇಕೆಂಬ ಅಭಿಪ್ರಾಯವನ್ನು ಕವಿ ಅಲ್ಲಿ ಸ್ಥಾಪಿಸಿದ್ದಾನೆ. ಪಶ್ಚಿಮದಲ್ಲಿ ಇದೇ ಪಕ್ಷವು ವೈದ್ಯಶಾಸ್ತ್ರದ ದಾರಿಯಾಗಿ ಬಂದಿತು. ಜರ್ಮನ್ ಪಂಡಿತ ಯಾಕೋಬ್ ಬರ್ನೈಸನು ೧೮೫೭ರಲ್ಲಿ, ಅರಿಸ್ಟಾಟಲನ ಶೋಧನೆಯೆಂಬ ಪದವು ವಿರೇಚನಕ್ಕೆ ಸಮಾನವಾದ ವೈದ್ಯಕೀಯ ಅರ್ಥದಲ್ಲಿಯೇ ಪ್ರಯುಕ್ತವಾಗಿದೆಯೆಂದು ವಾದಿಸಿದನು. ಆತನ ತಮ್ಮನ ಮಗಳು ಮಾರ್ತಾ ಎಂಬಾಕೆ ಮನೋವಿಶ್ಲೇಷಣಶಾಸ್ತ್ರದ ಪ್ರವರ್ತಕನಾದ ಫ್ರಾಯ್ಡನ ಪತ್ನಿ. ೧೮೯೫ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಜೊತೆಯಾಗಿ ಪ್ರಕಟಿಸಿದ ಗ್ರಂಥದಲ್ಲಿ, ಅದುಮಿಟ್ಟ ನೆನಪುಗಳನ್ನು ಮಾತಿನ ಮೂಲಕ ಹೊರಗೆಡಹಿಸುವ ಚಿಕಿತ್ಸಾಕ್ರಮಕ್ಕೆ ಅರಿಸ್ಟಾಟಲನ ಆ ಪದದಿಂದಲೇ ಹೆಸರು ಬಂದಿದೆ. ಅಮೆರಿಕದ ಮಾರ್ಗರೆಟ್ ನೌಂಬರ್ಗ್ ಅವರು ಮಾತಿನ ಸ್ಥಾನದಲ್ಲಿ ಚಿತ್ರವನ್ನಿಟ್ಟು, ನಡತೆಯ ತೊಂದರೆಗಳುಳ್ಳ ಮಕ್ಕಳು ಸ್ವೇಚ್ಛೆಯಿಂದ ಬರೆದ ಚಿತ್ರಗಳನ್ನು ಕುರಿತು ೧೯೪೭ರಲ್ಲಿ ಗ್ರಂಥರಚನೆ ಮಾಡಿದರು. ಚಿತ್ರವು ಅವರ ದೃಷ್ಟಿಯಲ್ಲಿ ಅಂತರಂಗದ ಸಾಂಕೇತಿಕ ಭಾಷೆ; ಬರೆದವನೇ ಅದರ ಅರ್ಥವನ್ನು ಬಿಡಿಸಿ ಹೇಳಬೇಕು. ನೌಂಬರ್ಗರನ್ನು ಬರಿಯ ನಿರ್ಗಮವಾದಿಯೆನ್ನುವುದು ಅನ್ಯಾಯವಾದೀತು. ಆದರೂ ಚಿತ್ರದ ಸೊಗಸು ಈ ಕ್ರಮದಲ್ಲಿ ಪ್ರಧಾನವಲ್ಲವೆಂಬುದು ಸ್ಪಷ್ಟವಾಗಿದೆ.

ರೂಪಪಕ್ಷದ ಬೀಜವು ಆದಿಕವಿಯ ಕಥೆಯಲ್ಲಿಯೇ ಇದೆ. ಕ್ರೌಂಚಪಕ್ಷಿಗಳ ವಿಯೋಗವನ್ನು ಕಂಡ ವಾಲ್ಮೀಕಿಯ ಶೋಕವು ಶ್ಲೋಕವಾಯಿತೆಂಬ ವೃತ್ತಾಂತವನ್ನು ಆನಂದವರ್ಧನನು ಧ್ವನ್ಯಾಲೋಕದಲ್ಲಿ ಉದಾಹರಿಸಿದ್ದಾನೆ. ಅದಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತನು ಅಲ್ಲಿ ಒಂದು ಸೂಕ್ಷ್ಮವನ್ನು ತೋರಿಸಿದ್ದಾನೆ. ಆ ಶೋಕವು ಮುನಿಯ ಸ್ವಂತ ಲೌಕಿಕ ಶೋಕವೆಂದು ತಿಳಿಯಬಾರದು. ಹಾಗಾಗಿದ್ದರೆ ಆತನು ದುಃಖದಲ್ಲಿ ಮುಳುಗಿರುತ್ತಿದ್ದನೇ ಹೊರತು ಕಾವ್ಯವು ಹುಟ್ಟುತ್ತಿರಲಿಲ್ಲ. ಹೃದಯಸಂವಾದದಿಂದ ಆಸ್ವಾದಯೋಗ್ಯವಾದ ಭಾವವು, ತುಂಬಿದ ಕೊಡದಿಂದ ನೀರು ತುಳುಕುವಂತೆ, ಛಂದಸ್ಸಿನ ನಿಯಮಕ್ಕೆ ಒಳಪಟ್ಟು ಶ್ಲೋಕವಾಯಿತೆಂದು ಆತನ ಅಭಿಪ್ರಾಯ. ಭವಭೂತಿಯ ದೃಷ್ಟಾಂತವೂ ನೀರಿನದು, ಅಭಿನವಗುಪ್ತನದೂ ನೀರಿನದು. ಆದರೆ ಕೋಡಿ ಹರಿಯುವ ನೀರು ಕೆರೆಯನ್ನು ಒಡೆಯದಂತೆ ಕಾಪಾಡುತ್ತದೆ, ಅಷ್ಟೆ. ಕೊಡದಿಂದ ತುಳುಕಿದ್ದು ಛಂದಸ್ಸಿನ ಅಳತೆಗೆ ಸಿಕ್ಕಿ ಬೇರೊಂದು ವಸ್ತುವಾಗುತ್ತದೆ. ಪ್ರಲಾಪಕ್ಕೂ ಕರುಣರಸಕ್ಕೂ ಇರುವ ಅಂತರ ಇದೇ.

ಕನ್ನಡನಾಡಿನಲ್ಲಿ ಈ ಭೇದವನ್ನು ಕಾಣಲು ಶಾಸ್ತ್ರಗ್ರಂಥಗಳಿಗೇ ಹೋಗಬೇಕಾಗಿಲ್ಲ. ಹಲಸಂಗಿಯ ಗೆಳೆಯರು ಸಂಗ್ರಹಿಸಿದ ಗರತಿಯ ಹಾಡುಗಳಲ್ಲಿ ತವರನ್ನು ಅಗಲಿದ, ಮಕ್ಕಳಿಗಾಗಿ ಹಂಬಲಿಸಿದ ಹೆಣ್ಣಿನ ಅಳಲು ತ್ರಿಪದಿಯ ಕಟ್ಟಿನಲ್ಲಿ ನಿಂತಿದೆ. ಬೀಸುವ ಕಲ್ಲಿನ ಸುತ್ತಿಗೆ ಹೊಂದುವ ಆ ಮೂರು ಸಾಲುಗಳು ದುಃಖವನ್ನು ಬೇಕಾದಷ್ಟು ಉದ್ದಕ್ಕೆ ಹರಿಯಗೊಡುವುದಿಲ್ಲ. ಪ್ರತಿಯೊಂದು ಪದವೂ ಮುಗಿಯಲೇಬೇಕು, ಮುಗಿದ ಮೇಲೆ ಮತ್ತೊಂದು ತೊಡಗಬೇಕು. ಆ ಮಿತಿಯೇ ಹಾಡುವವಳಿಗೆ ಉಪಕಾರಿಯಾಗಿರುವುದು ಸಂಭಾವ್ಯ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯಿದೆ. ರಸಸಿದ್ಧಾಂತವು ಮುಖ್ಯವಾಗಿ ಸಹೃದಯನ ಅನುಭವವನ್ನು ಕುರಿತದ್ದು. ಭರತನು ಹೇಳಿದ ವಿಶ್ರಾಂತಿ ನೋಡುವವನಿಗೆ ಲಭಿಸತಕ್ಕದ್ದು. ಕಲಾಚಿಕಿತ್ಸೆಯಾದರೊ ಬರೆಯುವವನ ಹಿತವನ್ನು ಉದ್ದೇಶಿಸುತ್ತದೆ. ಸ್ವಂತ ಶೋಕದಲ್ಲಿರುವವನಿಂದ ಕಾವ್ಯವು ಹುಟ್ಟದೆಂದು ಅಭಿನವಗುಪ್ತನೇ ಹೇಳಿರುವಾಗ, ಸೆರೆಯಲ್ಲಿರುವ ಮಗುವಿನ ವಿಷಯಕ್ಕೆ ಆತನ ಮಾತು ಹೇಗೆ ಅನ್ವಯಿಸೀತು? ಆಕ್ಷೇಪವು ಬಲವಾದದ್ದು. ಇದಕ್ಕೆ ಉತ್ತರವನ್ನು ಕೇವಲ ತರ್ಕದಿಂದ ಹುಡುಕುವುದಕ್ಕಿಂತ ಟೆರೆಜೀನಿನ ತರಗತಿಯಲ್ಲಿ ನಡೆದುದನ್ನು ಪರಿಶೀಲಿಸುವುದು ಮೇಲು.

೩

ಟೆರೆಜೀನ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆಸ್ಟ್ರಿಯದ ಚಕ್ರವರ್ತಿ ಎರಡನೆಯ ಜೋಸೆಫನು ಕಟ್ಟಿಸಿ ತನ್ನ ತಾಯಿ ಮಾರಿಯಾ ತೆರೆಸಾಳ ಹೆಸರಿಟ್ಟ ಕೋಟೆಯ ಊರು. ೧೯೪೧ರ ನವೆಂಬರಿನಿಂದ ೧೯೪೫ರ ಮೇ ತಿಂಗಳವರೆಗೆ ನಾಜಿಗಳು ಅದನ್ನು ಯೆಹೂದ್ಯರ ಸೆರೆಯೂರನ್ನಾಗಿ ಮಾಡಿದ್ದರು. ಆ ಅವಧಿಯಲ್ಲಿ ಸುಮಾರು ೧,೪೦,೦೦೦ ಜನರನ್ನು ಅಲ್ಲಿಗೆ ತರಲಾಯಿತು. ಅವರಲ್ಲಿ ಸುಮಾರು ೩೩,೦೦೦ ಜನ ಹಸಿವು ರೋಗಗಳಿಂದ ಅಲ್ಲಿಯೇ ಮಡಿದರು. ಅದಕ್ಕಿಂತಲೂ ಬಹಳ ಹೆಚ್ಚು ಜನರನ್ನು ಪೂರ್ವದ ಕೊಲೆಶಿಬಿರಗಳಿಗೆ ಸಾಗಿಸಲಾಯಿತು.

ಫ್ರೀಡ್ಲ್ ಡಿಕರ್ ಅವರು ೧೮೯೮ರಲ್ಲಿ ವಿಯೆನ್ನಾ ನಗರದಲ್ಲಿ ಜನಿಸಿದರು. ಅಲ್ಲಿ ಯೊಹಾನೆಸ್ ಇಟ್ಟೆನ್ ಎಂಬ ಕಲಾಶಿಕ್ಷಕರಲ್ಲಿ ಅಭ್ಯಾಸ ಮಾಡಿ, ೧೯೧೯ರಲ್ಲಿ ಅವರನ್ನು ಹಿಂಬಾಲಿಸಿ ಜರ್ಮನಿಯ ವೈಮಾರ್ ನಗರದ ಬೌಹೌಸ್ ಎಂಬ ಪ್ರಖ್ಯಾತ ಕಲಾಶಾಲೆಯನ್ನು ಸೇರಿದರು. ೧೯೩೪ರಲ್ಲಿ ರಾಜಕೀಯ ಕಾರಣಗಳಿಂದ ವಿಯೆನ್ನಾದಲ್ಲಿ ಸೆರೆಗೊಳಗಾಗಿ, ಬಿಡುಗಡೆಯ ಬಳಿಕ ಪ್ರಾಗಿಗೆ ಬಂದು ನಿರಾಶ್ರಿತರ ಮಕ್ಕಳಿಗೆ ಚಿತ್ರಕಲೆಯನ್ನು ಕಲಿಸತೊಡಗಿದರು. ೧೯೩೬ರಲ್ಲಿ ಪಾವೆಲ್ ಬ್ರಾಂಡೈಸರನ್ನು ವಿವಾಹವಾದರು. ೧೯೪೨ರ ಡಿಸೆಂಬರಿನಲ್ಲಿ ದಂಪತಿಗಳನ್ನು ಟೆರೆಜೀನಿಗೆ ಸಾಗಿಸಲಾಯಿತು. ಕ್ರಮಬದ್ಧವಾದ ವಿದ್ಯಾಭ್ಯಾಸವು ಅಲ್ಲಿ ನಿಷಿದ್ಧವಾಗಿತ್ತು. ಹಾಗಿದ್ದರೂ ಮಕ್ಕಳನ್ನಿರಿಸಿದ್ದ ಮನೆಗಳಲ್ಲಿ, ಅದರಲ್ಲೂ ಎಲ್ ೪೧೦ ಎಂಬ ಸಂಖ್ಯೆಯ ಹೆಣ್ಣುಮಕ್ಕಳ ವಸತಿಯಲ್ಲಿ, ಅವರ ಚಿತ್ರದ ತರಗತಿಗಳು ಸುಮಾರು ಎರಡು ವರ್ಷ ನಡೆದುವು.

೧೯೪೪ರ ಸೆಪ್ಟೆಂಬರಿನ ಕೊನೆಯಲ್ಲಿ ಪತಿಯನ್ನು ಔಷ್ವಿಟ್ಸ್ ಶಿಬಿರಕ್ಕೆ ಕಳುಹಿಸಿದಾಗ, ಅವರು ತಾವಾಗಿಯೇ ಮುಂದಿನ ಸಾಗಣೆಯೊಂದರಲ್ಲಿ ಹೆಸರು ಕೊಟ್ಟು ಅಕ್ಟೋಬರ್ ೬ರಂದು ಹೊರಟರು. ಮೂರು ದಿನಗಳಲ್ಲಿ ಅವರ ಕೊಲೆಯಾಯಿತು. ಪತಿ ಬದುಕಿ ಉಳಿದರು. ಹೊರಡುವ ಮುನ್ನ ಮಕ್ಕಳ ಚಿತ್ರಗಳನ್ನು ಎರಡು ಪೆಟ್ಟಿಗೆಗಳಲ್ಲಿ ತುಂಬಿ ಇಟ್ಟಿದ್ದರು. ೧೯೪೫ರಲ್ಲಿ ಅವು ಪ್ರಾಗಿನ ಯೆಹೂದ್ಯ ಸಮಾಜದ ಕೈಸೇರಿದುವು.

೪

ಈ ಚಿತ್ರರಾಶಿಯನ್ನು ನಿರ್ಗಮಪಕ್ಷದ ನಿರೀಕ್ಷೆಯಿಂದ ನೋಡುವವನಿಗೆ ಮೊದಲು ಆಶ್ಚರ್ಯವಾಗುತ್ತದೆ. ಮೂರು ಅಂತಸ್ತಿನ ಮಲಗುಹಲಗೆಗಳು, ಕಾವಲುಗಾರರು ಮುಂತಾದ ಸೆರೆಯ ದೃಶ್ಯಗಳು ಅಲ್ಲಿ ಇಲ್ಲದಿಲ್ಲ. ಆದರೆ ಮನೆ, ತೋಟ, ಹೂವು, ಚಿಟ್ಟೆ, ಹಬ್ಬದ ಊಟದ ಮೇಜು, ಕಿಟಕಿಯಿಂದ ಕಾಣುವ ಬೆಟ್ಟ ಇವು ಎಷ್ಟೋ ಹೆಚ್ಚು. ಇವುಗಳ ಜೊತೆಗೆ ಯಾವ ಕಥೆಯನ್ನೂ ಹೇಳದ ಹಾಳೆಗಳೂ ಅನೇಕವಿವೆ: ಗೆರೆಯ ಲಯವನ್ನು ಅಭ್ಯಾಸ ಮಾಡಿದ ಸುರುಳಿಗಳು, ಬೆಳಕು ಕತ್ತಲೆಗಳ ತೂಕವನ್ನು ಕಲಿತ ಪಟ್ಟಿಗಳು, ಮುಂದಿಟ್ಟ ವಸ್ತುವನ್ನು ನೋಡಿ ಬರೆದ ರೇಖಾಚಿತ್ರಗಳು, ಪ್ರಾಚೀನ ಚಿತ್ರಕಾರರ ಕೃತಿಗಳ ಪ್ರತಿಗಳನ್ನು ನೋಡಿ ಅವುಗಳ ರಚನೆಯನ್ನು ತಮ್ಮ ರೀತಿಯಲ್ಲಿ ಅನುಸರಿಸಿದ ಪ್ರಯತ್ನಗಳು. ಇವೆಲ್ಲವೂ ಇಟ್ಟೆನ್ನರ ಪಾಠಕ್ರಮದಿಂದ ಬಂದುವು. ಬೌಹೌಸಿನಲ್ಲಿ ಪ್ರಾಯಸ್ಥ ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದ ಶಿಸ್ತನ್ನೇ ಫ್ರೀಡ್ಲ್ ಅವರು, ಕಡಮೆ ಮಾಡದೆ, ಹಸಿದ ಮಕ್ಕಳ ಮುಂದಿಟ್ಟರು. ನಿಮ್ಮ ದುಃಖವನ್ನು ಬರೆಯಿರಿ ಎಂದು ಹೇಳಿದ ಗುರುವಿನ ತರಗತಿ ಇದಲ್ಲ.

ಕಾಗದ ದುರ್ಲಭವಾಗಿದ್ದುದರಿಂದ ಬಳಸಿ ಬಿಟ್ಟ ಕಛೇರಿಯ ನಮೂನೆಗಳನ್ನು ಹರಿದು ಅಂಟಿಸಿ ಚಿತ್ರಗಳನ್ನು ರಚಿಸಲಾಯಿತು. ಅಂತಹ ಹಾಳೆಗಳಲ್ಲಿ ಅಚ್ಚಾದ ಅಂಕಣಗಳ ಗೆರೆಗಳು ಹಾಗೆಯೇ ಕಾಣುತ್ತವೆ. ಅವೇ ಗೆರೆಗಳು ಚಿತ್ರದಲ್ಲಿ ಬೇಲಿಯಾಗಿಯೊ ಉತ್ತ ಹೊಲವಾಗಿಯೊ ಕಣ್ಣಿಗೆ ತೋರಬಲ್ಲವು. ಯಾವ ಆಡಳಿತವು ಆ ಮಕ್ಕಳನ್ನು ಎಣಿಸಿ ಪಟ್ಟಿಮಾಡಿತ್ತೊ ಆ ಆಡಳಿತದ ಕಾಗದವು ಮಗುವಿನ ಕೈಯಲ್ಲಿ ಬೇರೊಂದು ಕೆಲಸಕ್ಕೆ ಒದಗಿತು. ಇದನ್ನು ಸಂಕೇತವೆಂದು ಹಿಗ್ಗಿಸಿ ಹೇಳಬೇಕಾಗಿಲ್ಲ. ಸಿಕ್ಕಿದ ವಸ್ತುವಿನ ಗುಣವನ್ನು ನೋಡಿ ಅದನ್ನು ಬಳಸಬೇಕೆಂಬುದು ಬೌಹೌಸಿನ ಪಾಠ. ಟೆರೆಜೀನಿನಲ್ಲಿ ಆ ಪಾಠಕ್ಕೆ ಬೇರೊಂದು ತೂಕ ಬಂದಿತು.

ಮತ್ತೊಂದು ಸಂಗತಿಯನ್ನೂ ಗಮನಿಸಬೇಕು. ಬಹುಮಟ್ಟಿಗೆ ಎಲ್ಲ ಹಾಳೆಗಳ ಮೇಲೆಯೂ ಬರೆದ ಮಗುವಿನ ಹೆಸರಿದೆ. ಹಲವುಗಳ ಮೇಲೆ ವಸತಿಯ ಸಂಖ್ಯೆಯೂ ದಿನಾಂಕವೂ ಇವೆ. ಸೆರೆಗೆ ಬಂದವರನ್ನು ಸಾಗಣೆಯ ಸಂಖ್ಯೆಯಿಂದ ಗುರುತಿಸುತ್ತಿದ್ದ ಸ್ಥಳದಲ್ಲಿ, ಚಿತ್ರಕ್ಕೆ ತನ್ನ ಹೆಸರನ್ನು ಬರೆಯಬೇಕೆಂಬುದು ತರಗತಿಯ ನಿಯಮವಾಗಿತ್ತು. ಇಂದು ಆ ಮಕ್ಕಳಲ್ಲಿ ಅನೇಕರ ವಿಷಯವಾಗಿ ಉಳಿದಿರುವ ಕೈಬರಹ ಅದೊಂದೇ.

೧೯೪೩ರಲ್ಲಿ ಟೆರೆಜೀನಿನ ಶಿಕ್ಷಕರ ಮುಂದೆ ಫ್ರೀಡ್ಲ್ ಅವರು ಮಕ್ಕಳ ಚಿತ್ರಗಳನ್ನು ಕುರಿತು ಉಪನ್ಯಾಸ ಮಾಡಿದರು. ಮಕ್ಕಳನ್ನು ಚಿತ್ರಕಾರರನ್ನಾಗಿ ಮಾಡುವುದು ತರಗತಿಯ ಉದ್ದೇಶವಲ್ಲವೆಂದೂ, ಅವರಲ್ಲಿರುವ ಸೃಷ್ಟಿಶಕ್ತಿಯನ್ನೂ ಸ್ವಾತಂತ್ರ್ಯವನ್ನೂ ನೋಡುವ ಶಕ್ತಿಯನ್ನೂ ಎಚ್ಚರಿಸುವುದೇ ಉದ್ದೇಶವೆಂದೂ, ಹಿರಿಯರು ತಮ್ಮ ಮಟ್ಟಕ್ಕೆ ಮಕ್ಕಳನ್ನು ಆತುರದಿಂದ ಎಳೆಯಬಾರದೆಂದೂ ಅದರ ಸಾರ. ಇಲ್ಲಿ ಸ್ವಾತಂತ್ರ್ಯವೆಂಬ ಪದವು ಮುಖ್ಯ. ಕಾರಕಗಳಲ್ಲಿ ಸ್ವತಂತ್ರವಾದದ್ದಕ್ಕೆ ಕರ್ತೃವೆಂಬ ಸಂಜ್ಞೆಯನ್ನು ಪಾಣಿನಿಯು ಕೊಟ್ಟಿರುವುದಷ್ಟೆ. ಟೆರೆಜೀನಿನ ಮಗು ಬೆಳಗಿನಿಂದ ರಾತ್ರಿಯವರೆಗೆ ಕೇವಲ ಕರ್ಮವಾಗಿತ್ತು: ಅದನ್ನು ಎಣಿಸುತ್ತಿದ್ದರು, ನಿಲ್ಲಿಸುತ್ತಿದ್ದರು, ಸಾಗಿಸುತ್ತಿದ್ದರು. ಕಾಗದದ ಮುಂದೆ ಕುಳಿತಾಗ ಗೆರೆ ಎಲ್ಲಿ ತೊಡಗಬೇಕು, ಬಣ್ಣ ಎಲ್ಲಿ ನಿಲ್ಲಬೇಕೆಂಬುದನ್ನು ನಿರ್ಣಯಿಸುವ ಅಧಿಕಾರವು ಅದರದಾಗುತ್ತಿತ್ತು. ಗೆರೆಗೆ ನಿಯಮವಿಲ್ಲದಿದ್ದರೆ ನಿರ್ಣಯಕ್ಕೂ ಅರ್ಥವಿಲ್ಲ. ಆದುದರಿಂದ ಶಿಸ್ತು ಈ ಅಧಿಕಾರಕ್ಕೆ ವಿರೋಧಿಯಲ್ಲ, ಅದರ ಆಸರೆ.

ಹಿಂದೆ ಎತ್ತಿದ ಆಕ್ಷೇಪಕ್ಕೆ ಉತ್ತರವೂ ಇಲ್ಲಿಯೇ ಇದೆ. ಶೋಕದಲ್ಲಿ ಮುಳುಗಿದವನು ಭೋಕ್ತೃಮಾತ್ರನಾಗಿರುತ್ತಾನೆ. ರೂಪವನ್ನು ಕಟ್ಟುವ ಕೆಲಸವು ಅವನನ್ನು, ಒಂದು ಗಳಿಗೆಯ ಮಟ್ಟಿಗಾದರೂ, ತನ್ನ ಶೋಕದಿಂದ ಒಂದು ಹೆಜ್ಜೆ ಹೊರಗೆ ನಿಲ್ಲಿಸಿ ನೋಡುವವನನ್ನಾಗಿಯೂ ಮಾಡುವವನನ್ನಾಗಿಯೂ ಮಾರ್ಪಡಿಸುತ್ತದೆ. ಅಭಿನವಗುಪ್ತನು ಕವಿಗೆ ಅವಶ್ಯವೆಂದು ಹೇಳಿದ ದೂರವು ಕೆಲಸಕ್ಕೆ ಮುನ್ನವೇ ಸಿದ್ಧವಾಗಿರಬೇಕಾದದ್ದಲ್ಲ. ಕೆಲಸದಿಂದಲೇ ಅದು ದೊರೆಯಬಲ್ಲದು. ರಸಸಿದ್ಧಾಂತಕ್ಕೆ ಟೆರೆಜೀನಿನ ಹಾಳೆಗಳು ಸೇರಿಸುವ ಅಂಶ ಇದು.

೫

ಈ ನಿರ್ಣಯಕ್ಕೆ ವಿರೋಧವಾಗಿ ಹೇಳಬಹುದಾದ ಮಾತುಗಳು ಮೂರು. ಮೂರನ್ನೂ ಮರೆಮಾಡದೆ ಎದುರಿಸಬೇಕು.

ಮೊದಲನೆಯದಾಗಿ, ಆ ಮಕ್ಕಳನ್ನು ಕಲೆಯು ಉಳಿಸಲಿಲ್ಲ. ಇದು ನಿರ್ವಿವಾದ. ಗುಣವಾಗುವುದೆಂದರೆ ರೋಗ ಕಳೆದು ಮುಂದೆ ಸುಖವಾಗಿ ಬಾಳುವುದೆಂದು ಅರ್ಥಮಾಡಿದರೆ ಟೆರೆಜೀನಿನಲ್ಲಿ ಯಾವ ಗುಣವೂ ಆಗಲಿಲ್ಲ. ಆದರೆ ಭರತನು ಬಳಸಿದ ಪದವು ವಿಶ್ರಾಂತಿಯೆಂಬುದು, ಆರೋಗ್ಯವೆಂಬುದಲ್ಲ. ದುಃಖದ ಕಾರಣವು ನೀಗದಿದ್ದರೂ ದುಃಖಿಗೆ ನಿಲ್ಲಲು ಒಂದು ತಾಣ ದೊರೆಯುವುದು ವಿಶ್ರಾಂತಿ. ಬದುಕಿ ಉಳಿದ ವಿದ್ಯಾರ್ಥಿನಿಯರು ತಮ್ಮ ಗುರುವನ್ನು ನೆನೆದು ಹೇಳಿರುವುದು ಇಂತಹ ಗಳಿಗೆಗಳನ್ನೇ. ಕಲಾಚಿಕಿತ್ಸೆಯು ಇದಕ್ಕಿಂತ ಹೆಚ್ಚನ್ನು ವಾಗ್ದಾನ ಮಾಡಿದಾಗ ವಿಮರ್ಶಕನು ಸಂಶಯಪಡುವುದು ನ್ಯಾಯ.

ಎರಡನೆಯದಾಗಿ, ಕಲೆಯ ಸಾಂತ್ವನವನ್ನು ಪೀಡಕರೇ ಉಪಯೋಗಿಸಿಕೊಂಡರು. ಹಾನ್ಸ್ ಕ್ರಾಸಾ ರಚಿಸಿದ ‘ಬ್ರುಂಡಿಬಾರ್’ ಎಂಬ ಮಕ್ಕಳ ಗೀತನಾಟಕವು ೧೯೪೩ರ ಸೆಪ್ಟೆಂಬರಿನಿಂದ ಟೆರೆಜೀನಿನಲ್ಲಿ ಸುಮಾರು ೫೫ ಸಲ ಪ್ರಯೋಗವಾಯಿತು. ೧೯೪೪ರ ಜೂನ್ ೨೩ರಂದು ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಂಸ್ಥೆಯ ಪರವಾಗಿ ಬಂದವರಿಗೆ ಸಿಂಗರಿಸಿದ ಊರನ್ನು ತೋರಿಸಿ ಮೋಸಗೊಳಿಸಿದಾಗ ಆ ನಾಟಕವನ್ನೂ ತೋರಿಸಲಾಯಿತು. ಕಲೆಯು ನೊಂದವರಿಗೆ ಮರೆವನ್ನು ಕೊಟ್ಟು ಅನ್ಯಾಯಕ್ಕೆ ಒಗ್ಗಿಸುತ್ತದೆಯೆಂಬ ದೂರಿಗೆ ಇದಕ್ಕಿಂತ ತೀಕ್ಷ್ಣವಾದ ಉದಾಹರಣೆ ಸಿಗುವುದು ಕಷ್ಟ. ಆದರೆ ಇಲ್ಲಿ ಒಂದು ಭೇದವನ್ನು ಮರೆಯಬಾರದು. ಹೊರಗಿನವರಿಗೆ ತೋರಿಸಲು ನಡೆದ ಪ್ರದರ್ಶನವು ಬೇರೆ. ಅದೇ ನಾಟಕವನ್ನು ಹಾಡಿದ ಮಕ್ಕಳಿಗೆ ಅಭ್ಯಾಸದಲ್ಲಿ ದೊರೆತದ್ದು ಬೇರೆ. ಮೋಸವು ಮೊದಲನೆಯದರಲ್ಲಿತ್ತು. ಶಮನಕ್ಕಾಗಿ ಮಾಡಿದ ಕಲೆಯನ್ನು ಪ್ರದರ್ಶನದ ಸಾಮಗ್ರಿಯನ್ನಾಗಿ ಮಾಡುವಾಗ ಎಚ್ಚರಿಕೆ ಬೇಕೆಂಬ ಪಾಠವನ್ನು ಇಂದಿನ ಆಸ್ಪತ್ರೆಗಳೂ ಶಾಲೆಗಳೂ ಇದರಿಂದ ಕಲಿಯಬಹುದು.

ಮೂರನೆಯ ಮಾತು ಸತ್ಯಕ್ಕೆ ಸಂಬಂಧಿಸಿದ್ದು. ಅದೇ ಟೆರೆಜೀನಿನಲ್ಲಿ ಹೆಲ್ಗಾ ವೈಸೊವಾ ಎಂಬ ಬಾಲಕಿಗೆ ಆಕೆಯ ತಂದೆ, ಕಂಡುದನ್ನು ಬರೆ ಎಂದು ಬೋಧಿಸಿದರು. ಆಕೆ ಸಾಲುನಿಂತ ಜನರನ್ನೂ, ಹೊತ್ತ ಗಂಟುಗಳನ್ನೂ, ವಸತಿಯ ಇಕ್ಕಟ್ಟನ್ನೂ ಬರೆದಳು. ಬದುಕಿ ಉಳಿದು ಚಿತ್ರಕಾರ್ತಿಯಾದಳು. ಆ ಚಿತ್ರಗಳು ಇಂದು ಸಾಕ್ಷ್ಯವಾಗಿ ನಿಂತಿವೆ. ಹೂವನ್ನೂ ಚಿಟ್ಟೆಯನ್ನೂ ಬರೆದ ಮಕ್ಕಳು ಸತ್ಯದಿಂದ ಮುಖ ತಿರುಗಿಸಿದಂತಾಗಲಿಲ್ಲವೆ? ಹಾಗೆಂದು ತೀರ್ಮಾನಿಸುವುದು ಅವಸರ. ಸಾಕ್ಷಿಯ ಚಿತ್ರವೂ ಆಯ್ಕೆಯಿಂದ, ಗೆರೆಯ ಶಿಸ್ತಿನಿಂದ ಆದದ್ದೇ. ಅದು ಕೇವಲ ಕೋಡಿ ಹರಿದ ದುಃಖವಲ್ಲ. ವಿಷಯವು ಸೆರೆಯಾಗಿರಲಿ ಹೂವಾಗಿರಲಿ, ನೋಡಿ ನಿರ್ಣಯಿಸಿ ಬರೆಯುವ ಕ್ರಿಯೆ ಒಂದೇ.

ಹೂವುಗಳನ್ನು ತಪ್ಪಾಗಿ ಓದಿದವರು ಬಹುಮಟ್ಟಿಗೆ ಮುಂದಿನ ಓದುಗರು. ೧೯೫೯ರಲ್ಲಿ ಪ್ರಾಗಿನ ವಸ್ತುಸಂಗ್ರಹಾಲಯವು ಈ ಚಿತ್ರಗಳನ್ನೂ ಟೆರೆಜೀನಿನ ಪದ್ಯಗಳನ್ನೂ ಒಂದು ಸಂಕಲನವಾಗಿ ಪ್ರಕಟಿಸಿತು. ೧೯೬೪ರಲ್ಲಿ ಅದರ ಆಂಗ್ಲ ರೂಪವು ಅಮೆರಿಕದಲ್ಲಿ ಪ್ರಸಿದ್ಧಿಗೆ ಬಂದಿತು. ಆಂಗ್ಲ ಸಂಕಲನಕ್ಕೆ ಹೆಸರನ್ನು ಒದಗಿಸಿದ, ಚಿಟ್ಟೆಯನ್ನು ಕುರಿತ ಪದ್ಯವನ್ನು ಮಕ್ಕಳ ಪದ್ಯವೆಂದೇ ಅಸಂಖ್ಯಾತ ಜನ ಓದಿದ್ದಾರೆ. ಅದನ್ನು ೧೯೪೨ರ ಜೂನಿನಲ್ಲಿ ಬರೆದ ಪಾವೆಲ್ ಫ್ರೀಡ್‌ಮನ್ ಆಗ ೨೧ ವರ್ಷದ ತರುಣ. ಬರೆದವನು ಮಗುವೆಂದು ಭಾವಿಸಿದಾಗ ಪದ್ಯದ ಕಟ್ಟು ಕಣ್ಣಿಗೆ ಬೀಳದೆ ಮರುಕವೊಂದೇ ಉಳಿಯುತ್ತದೆ. ಚಿತ್ರಗಳ ಗತಿಯೂ ಹೀಗೆಯೇ ಆಗಿದೆ. ಪಕ್ಕದಲ್ಲಿ ಮರಣದ ದಿನಾಂಕವನ್ನು ಓದಿದವನಿಗೆ ಪ್ರತಿಯೊಂದು ಹೂವೂ ಆಶೆಯ ಸಂಕೇತವಾಗಿ, ಪ್ರತಿಯೊಂದು ಕಪ್ಪು ಗೆರೆಯೂ ಭಯದ ಸಂಕೇತವಾಗಿ ಕಾಣುತ್ತದೆ. ಹೂವು ಆ ದಿನದ ಅಭ್ಯಾಸದ ವಸ್ತುವಾಗಿದ್ದಿರಬಹುದು; 
ಕಪ್ಪು ಗೆರೆ ಇದ್ದಲಿನ ತುಂಡೊಂದೇ ಸಿಕ್ಕಿದುದರ ಫಲವಾಗಿದ್ದಿರಬಹುದು. ಕಣ್ಣೀರಿನ ಓದು ಮಗುವಿನಿಂದ ಕರ್ತೃತ್ವವನ್ನು ಕಸಿದು ಅದನ್ನು ಮತ್ತೆ ಕೇವಲ ಬಲಿಪಶುವನ್ನಾಗಿ ಮಾಡುತ್ತದೆ.

೬

ಫ್ರೀಡ್ಲ್ ಅವರ ಕ್ರಮವು ಟೆರೆಜೀನಿನಲ್ಲಿ ಮುಗಿಯಲಿಲ್ಲ. ವಿಯೆನ್ನಾದಲ್ಲಿಯೂ ಪ್ರಾಗಿನಲ್ಲಿಯೂ ಅವರ ಶಿಷ್ಯೆಯಾಗಿದ್ದ ಎಡಿತ್ ಕ್ರಾಮರ್ ಅವರು ೧೯೩೮ರಲ್ಲಿ ನ್ಯೂಯಾರ್ಕಿಗೆ ವಲಸೆ ಹೋದರು. ೧೯೫೦ರಿಂದ ಏಳು ವರ್ಷಗಳ ಕಾಲ ವಿಲ್ಟ್‌ವಿಕ್ ಎಂಬ ಬಾಲಕರ ಶಾಲೆಯಲ್ಲಿ ಮನೋವ್ಯಥೆಗೊಳಗಾದ ಹುಡುಗರಿಗೆ ಚಿತ್ರ ಕಲಿಸಿದರು. ೧೯೫೮ರಲ್ಲಿ ಈ ಅನುಭವವನ್ನು ಗ್ರಂಥರೂಪವಾಗಿ ಹೊರತಂದರು. ೧೯೭೧ರ ಮತ್ತೊಂದು ಗ್ರಂಥದಲ್ಲಿ, ಮಕ್ಕಳು ಬಣ್ಣ ಮಣ್ಣುಗಳನ್ನು ಬಳಸುವ ರೀತಿಗಳನ್ನು ಐದಾಗಿ ವಿಂಗಡಿಸಿದ್ದಾರೆ: ಗೀಚಾಟವೇ ಮುಂತಾದ ಪೂರ್ವಕ್ರಿಯೆಗಳು, ಅಂಕೆಯಿಲ್ಲದೆ ಭಾವವನ್ನು ಹೊರಚೆಲ್ಲುವುದು, ಅಂತರಂಗವನ್ನು ಮುಚ್ಚಿಕೊಳ್ಳಲು ಸಿದ್ಧಮಾದರಿಗಳನ್ನು ಮತ್ತೆ ಮತ್ತೆ ಬರೆಯುವುದು, ಮಾತಿಗೆ ಬದಲಾಗಿ ಚಿತ್ರಸಂಜ್ಞೆಯನ್ನು ಉಪಯೋಗಿಸುವುದು, ಕೊನೆಗೆ ರೂಪಗೊಂಡ ಅಭಿವ್ಯಕ್ತಿ. ಈ ಕೊನೆಯದನ್ನೇ ಅವರು ಕಲೆಯೆಂಬ ಪೂರ್ಣಾರ್ಥದಲ್ಲಿ ಸ್ವೀಕರಿಸಿದರು. ಹೊರಚೆಲ್ಲುವುದಕ್ಕೂ ರೂಪಗೊಳ್ಳುವುದಕ್ಕೂ ಬೇರೆ ಬೇರೆ ಸ್ಥಾನಗಳನ್ನು ಕೊಟ್ಟಿರುವುದರಿಂದ, ನೌಂಬರ್ಗರಿಗೂ ಕ್ರಾಮರರಿಗೂ ಇರುವ ಮತಭೇದವು ಮೇಲೆ ನಿರೂಪಿಸಿದ ಎರಡು ಪಕ್ಷಗಳ ಭೇದಕ್ಕೆ ಸಮೀಪದ್ದೆನ್ನಬಹುದು.

ಇತರರಿಗೆ ನೆರವಾಗುವವನ ಧರ್ಮವನ್ನೂ ಕ್ರಾಮರ್ ವಿಚಾರಿಸಿದ್ದಾರೆ. ಚಿಕಿತ್ಸಕನಿಗೆ ‘ಮೂರನೆಯ ಕೈ’ ಇರಬೇಕೆಂಬುದು ಅವರ ಪ್ರಸಿದ್ಧ ಕಲ್ಪನೆ. ಬರೆಯುವವನ ಎರಡು ಕೈಗಳಿಗೆ ಸಹಾಯವಾಗಿ ಒದಗುವ ಈ ಕೈ ತನ್ನ ಶೈಲಿಯನ್ನು ಹೇರಬಾರದು, ಬರೆಯುವವನ ಅರ್ಥವನ್ನು ಕೆಡಿಸಬಾರದು. ಆದರೆ ಬೇಕಾದಾಗ ಕುಂಚವನ್ನು ಹಿಡಿಯುವ ಬಗೆಯನ್ನೂ ಬಣ್ಣವನ್ನು ಬೆರೆಸುವ ಬಗೆಯನ್ನೂ ತೋರಿಸಿಕೊಡಬೇಕು. ಭಾರತೀಯ ಪರಿಭಾಷೆಯಲ್ಲಿ ಹೇಳುವುದಾದರೆ ಇಂತಹ ಚಿಕಿತ್ಸಕನು ಕೃತಿಯು ಮುಗಿಯುವ ಮುನ್ನವೇ ಬಂದು ಪಕ್ಕದಲ್ಲಿ ಕುಳಿತ ಸಹೃದಯ. ಬೇರೆಯವರ ಶೋಕದಲ್ಲಿ ಮುಳುಗಿ ಅಳುವವನು ನೆರವಾಗಲಾರನು. ಸಂವಾದವುಳ್ಳ ಹೃದಯವೂ ಸ್ಥಿರವಾದ ಕೈಯೂ ಎರಡೂ ಇದ್ದಲ್ಲಿ ಮಾತ್ರ ನೆರವು ಸಾಧ್ಯ.

೭

ಈ ಪ್ರಸ್ಥಾನದ ಮೇರೆಯನ್ನೂ ಹೇಳದೆ ಮುಗಿಸುವುದು ಸರಿಯಲ್ಲ. ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋವ್ಯಾಧಿಯುಳ್ಳ ೪೧೭ ಜನರನ್ನು ಒಳಗೊಂಡು ನಡೆದು ೨೦೧೨ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಸಾಮಾನ್ಯ ಚಿಕಿತ್ಸೆಯ ಜೊತೆಗೆ ಒಂದು ವರ್ಷ ಕಾಲ ವಾರಕ್ಕೊಮ್ಮೆ ಗುಂಪಿನ ಕಲಾಚಿಕಿತ್ಸೆಯನ್ನು ಒದಗಿಸಿದುದರಿಂದ ಎರಡು ವರ್ಷಗಳ ಬಳಿಕ ರೋಗಲಕ್ಷಣಗಳಲ್ಲಾಗಲಿ ದಿನಚರ್ಯೆಯ ಸಾಮರ್ಥ್ಯದಲ್ಲಾಗಲಿ ವಿಶೇಷ ಪ್ರಯೋಜನವು ಕಂಡುಬರಲಿಲ್ಲ. ಕಲಾಚಿಕಿತ್ಸೆಗೆಂದು ಆಯ್ಕೆಯಾದವರಲ್ಲಿ ಹಲವರು ತರಗತಿಗೆ ಬರಲೇ ಇಲ್ಲವೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈ ಫಲಿತಾಂಶವು ಕಲೆಯನ್ನು ಔಷಧದಂತೆ ಪ್ರಮಾಣ ಹಾಕಿ ಕೊಡಲಾಗದೆಂಬುದನ್ನು ತೋರಿಸುತ್ತದೆ. ರೂಪವನ್ನು ಕಟ್ಟುವ ಇಚ್ಛೆ ಬರೆಯುವವನಲ್ಲಿ ಎಚ್ಚತ್ತುಕೊಳ್ಳಬೇಕು. ಹೊರಗಿನಿಂದ ಅದನ್ನು ವಿಧಿಸಲಾಗದು. ಟೆರೆಜೀನಿನ ಮಕ್ಕಳಿಗೆ ದೊರೆತದ್ದು ಒಬ್ಬ ಸಮರ್ಥ ಗುರುವಿನ ನಿತ್ಯಸಾನ್ನಿಧ್ಯ, ವಾರಕ್ಕೊಂದು ಗಂಟೆಯ ವಿಧಿಯಲ್ಲ.

ಮೊದಲು ಎತ್ತಿದ ಪ್ರಶ್ನೆಗೆ ಇಷ್ಟರಿಂದ ಉತ್ತರ ಹೇಳಬಹುದಾಗಿದೆ. ನಿರ್ಗಮವು ಅವಶ್ಯವಾಗಿರಬಹುದು, ಅಳದವನು ಬರೆಯಲಾರನು. ಆದರೆ ಶಮನವನ್ನು ತರುವುದು ರೂಪ. ಆದುದರಿಂದ ದುಃಖದಲ್ಲಿ ಬರೆದ ಹುಡುಗನ ಪದ್ಯವನ್ನು ತಿದ್ದುವುದು ಕ್ರೌರ್ಯವಲ್ಲ, ತಿದ್ದುವ ಕೈ ಮೂರನೆಯ ಕೈಯಾಗಿರುವ ಪಕ್ಷದಲ್ಲಿ. ಅವನ ದುಃಖಕ್ಕೆ ಅಂಕಗಳನ್ನು ಕೊಡಲಾಗದು. ಅವನ ಮನಸ್ಸಿನ ಗುಟ್ಟನ್ನು ಪದ್ಯದಿಂದ ಬಗೆದು ತೆಗೆಯುವ ಅಧಿಕಾರವೂ ಅಧ್ಯಾಪಕನಿಗಿಲ್ಲ. ಆದರೆ ಈ ಸಾಲು ನಿಲ್ಲುತ್ತದೆ, ಈ ಸಾಲು ಎಡವುತ್ತದೆ, ಇಲ್ಲಿ ಹೇಳಬೇಕೆಂದುದು ಇನ್ನೂ ಬಂದಿಲ್ಲ ಎಂದು ಗಂಭೀರವಾಗಿ ಹೇಳಿದಾಗ ಅಧ್ಯಾಪಕನು ಅವನನ್ನು ಕರ್ತೃವೆಂದು ಗೌರವಿಸಿದಂತಾಗುತ್ತದೆ. ಪೊಳ್ಳು ಹೊಗಳಿಕೆಯಲ್ಲಿ ಈ ಗೌರವವಿಲ್ಲ. ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಅವರು ನಾಳೆಯ ಭರವಸೆಯಿಲ್ಲದ ಮಕ್ಕಳಿಗೆ ಗೆರೆಯ ಲಯವನ್ನೂ ಬೆಳಕಿನ ತೂಕವನ್ನೂ ಬಿಡದೆ ಕಲಿಸಿದುದು ಇದೇ ಗೌರವದಿಂದ. ಆ ಹಾಳೆಗಳನ್ನು ಇಂದು ನೋಡುವವರೂ ಚಿತ್ರಗಳನ್ನು ಚಿತ್ರಗಳಾಗಿಯೇ ನೋಡಿ, ಎಲ್ಲಿ ಗೆರೆ ಗೆದ್ದಿದೆ ಎಲ್ಲಿ ಸೋತಿದೆ ಎಂದು ವಿಚಾರಿಸಿ, ಅನಂತರ ಕೆಳಗೆ ಬರೆದಿರುವ ಹೆಸರನ್ನು ಓದುವುದು ಉಚಿತ.